ಪದಚರ್ಚೆ: ಎಪಾಕ್ಸಿ ಮೇಲೆ ಹಚ್ಚುವ ‘ಗ್ಲಾಸ್ ಟಾಪ್ ಕೋಟ್’ಗೆ ಏನು ಬರೆಯೋಣ? (ನಾಳೆಯೇ ಬೇಕು)

ಅನುವಾದಕಿ, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದ ಪ್ರಶ್ನೆ. ನೆಹರು ಗಂಜ್‌ನ ಒಂದು ದಾಲ್ ಮಿಲ್‌ನವರು ತೊಗರಿಬೇಳೆ ಪ್ಯಾಕ್ ಮಾಡುವ ಹಾಲ್‌ಗೆ ಎಪಾಕ್ಸಿ (ಎರಡು ಡಬ್ಬಿ ಬೆರೆಸಿ ಹಾಕುವ ರಾಳ) ನೆಲ ಮಾಡಿಸಿದ್ದಾರೆ. ಈಗ ಅದರ ಮೇಲೆ ಹೊಳೆಯುವ ಪಾಲಿಯುರೆಥೇನ್ ಟಾಪ್ ಕೋಟ್ ಹಚ್ಚಬೇಕು. ಕೆಲಸಗಾರರಿಗೆ ಒಂದು ಪುಟದ ಸೂಚನೆ, ಬಾಗಿಲಿಗೆ ಒಂದು ಬೋರ್ಡು. ಎರಡನ್ನೂ ಕನ್ನಡದಲ್ಲಿ ಮಾಡಿಕೊಡಿ ಅಂದಿದ್ದಾರೆ. ಬೋರ್ಡು ನಾಳೆ ಮಧ್ಯಾಹ್ನ ಪ್ರಿಂಟಿಗೆ ಹೋಗುತ್ತದೆ.

‘ಟಾಪ್ ಕೋಟ್’ ಅಂತಲೇ ಬಿಟ್ಟುಬಿಡಬಹುದಿತ್ತು. ತೊಡಕಿರುವುದು ‘ಗ್ಲಾಸ್’ನಲ್ಲಿ. ಹೊಳಪಿನ ಗ್ಲಾಸ್, ಕಿಟಕಿಯ ಗ್ಲಾಸ್, ನೀರು ಕುಡಿಯುವ ಗ್ಲಾಸ್, ಮೂರೂ ನಮ್ಮ ಲಿಪಿಯಲ್ಲಿ ಒಂದೇ. ಚೀಟಿ ಓದಿದ ಮೇಸ್ತ್ರಿ “ಇದರ ಮ್ಯಾಲೆ ಗ್ಲಾಸ್ ಕೂಡಿಸ್ತಾರೇನ್ರಿ?” ಅಂತ ಕೇಳಿದರು.

ಅವರ ಬಳಿ ಈಗಿರುವುದು ಮಷೀನ್ ಅನುವಾದ. ಎಮರಿ ಪೇಪರಿನಿಂದ ಉಜ್ಜಿ ಎನ್ನಬೇಕಾದ ಕಡೆ ‘ಎಪಾಕ್ಸಿಯನ್ನು ಮರಳು ಮಾಡಿ’ ಎಂದಿದೆ. ಎರಡು ಡಬ್ಬಿ ಬೆರೆಸಿದ ಮೇಲೆ ಮಾಲು ಎಷ್ಟು ಹೊತ್ತು ಬಳಸಲು ಬರುತ್ತದೆ ಎಂಬುದಕ್ಕೆ ‘ಮಡಕೆಯ ಆಯುಷ್ಯ’. ಮುಂದಿನ ಕೋಟ್ ಹಚ್ಚಲು ಇರುವ ಅವಧಿ ‘ಮರುಲೇಪನ ಕಿಟಕಿ’ ಆಗಿದೆ. ಕೊನೆಗೆ ‘ನೆಲ ಏಳು ದಿನ ಗುಣವಾಗಲಿ’ ಅಂತ ಹರಸಿದ್ದಾರೆ.

ನನ್ನ ಕರಡು ‘ಹೊಳಪಿನ ಮೇಲ್ಲೇಪ’. ನಡೆಯುತ್ತಾ? ಆ ಕಿಟಕಿಗೂ, ಗುಣವಾಗುವುದಕ್ಕೂ ಏನಾದರೂ ಹೇಳಿ.

ನಿವೃತ್ತ ಮಾಸ್ತರ್, ಬೀದರ್:

ನಡೆಯುವುದಿಲ್ಲ. ‘ಮೇಲ್’ ಕನ್ನಡ, ‘ಲೇಪ’ ಸಂಸ್ಕೃತ. ಅರಿಸಮಾಸ.

ಇಂಥ ಕೂಡಿಕೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎಂದು ಕವಿರಾಜಮಾರ್ಗ 9ನೇ ಶತಮಾನದಲ್ಲೇ ಹೇಳಿತು. ರಾಷ್ಟ್ರಕೂಟರ ಮಾನ್ಯಖೇಟ ಇಂದಿನ ಮಳಖೇಡ, ನಿಮ್ಮದೇ ಜಿಲ್ಲೆ. ಅಲ್ಲೇ ಕೂತು ಹೀಗೆ ಬರೆಯಬಾರದು ತಾಯಿ.

‘ವಜ್ರಲೇಪ’ ಎನ್ನಿ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಇದಕ್ಕೆ ಒಂದು ಅಧ್ಯಾಯವೇ ಇದೆ. ಬೇಲದ ಕಾಯಿ, ಬೂರುಗದ ಹೂ ಮೊದಲಾದವನ್ನು ನೀರಲ್ಲಿ ಕುದಿಸಿ ಎಂಟನೇ ಒಂದು ಭಾಗಕ್ಕೆ ಇಳಿಸಬೇಕು. ಆಮೇಲೆ ಗುಗ್ಗುಳ, ಸರ್ಜರಸ ಎಲ್ಲ ಸೇರಿಸಿ ಬಿಸಿ ಇರುವಾಗಲೇ ಗುಡಿ, ಗೋಡೆ, ಲಿಂಗಗಳಿಗೆ ಹಚ್ಚಬೇಕು. ಸರ್ಜರಸ ಎಂದರೆ ಮರದ ರಾಳ. ನಿಮ್ಮ ಎಪಾಕ್ಸಿಯೂ ರಾಳವೇ ಅಲ್ಲವೇ? ಪದ ಸಿದ್ಧವಾಗಿರುವಾಗ ಹುಡುಕುವುದೇಕೆ?

ಪೇಂಟ್ ಅಂಗಡಿಯವ, ಯಾದಗಿರಿ:

ಮಾಸ್ತರ್ರೇ, ಅದು ಕೋಟಿ ವರ್ಷ ಬಾಳುತ್ತದೆ ಅಂತಲೂ ಅಲ್ಲೇ ಬರೆದಿದೆ. ವಜ್ರಲೇಪ ಅಂತ ಬೋರ್ಡು ಹಾಕಿದರೆ ಗಿರಾಕಿ ಅದೇ ಗ್ಯಾರಂಟಿ ಕೇಳ್ತಾನೆ.

ಅಕ್ಕಾರೇ, ಹೆಸರಿನ ಜಗಳ ಆಮೇಲೆ ಇರಲಿ. ಮೊದಲು ‘ಗುಣವಾಗಲಿ’ ತೆಗೆಯಿರಿ. ಹಾಗಂತ ಅದರ ಜಾಗದಲ್ಲಿ ‘ಕ್ಯೂರಿಂಗ್’ ಮಾತ್ರ ಬರೆಯಬೇಡಿ. ನಮ್ಮ ಗೌಂಡಿಗಳಿಗೆ ಕ್ಯೂರಿಂಗ್ ಅಂದರೆ ಒಂದೇ ಅರ್ಥ: ಬೆಳಿಗ್ಗೆ ಸಂಜೆ ಪೈಪ್ ಹಿಡಿದು ನೀರು ಹೊಡೆಯುವುದು. ಸಿಮೆಂಟಿಗೆ ನೀರು ಬೇಕು, ಅದು ನೀರು ಕುಡಿದೇ ಗಟ್ಟಿಯಾಗುತ್ತದೆ. ಪಾಲಿಯುರೆಥೇನ್‌ಗೆ ಹಸಿ ಇರುವಾಗ ನೀರು ತಾಗಿದರೆ ಕೆಲಸ ಕೆಟ್ಟಿತು. ಅದರ ಎರಡನೇ ಡಬ್ಬಿಯ, ಗಟ್ಟಿಯಾಗಿಸುವ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ನೀರಿನ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆ ಗಾಳಿ ಗುಳ್ಳೆಯಾಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೊಳಪು ಹೋಗಿ ಮೈಯೆಲ್ಲ ಸಣ್ಣ ಸಣ್ಣ ತೂತು. ಸುಮ್ನೆ ‘ಪೂರ್ತಿ ಗಟ್ಟಿಯಾಗಲು ಏಳು ದಿನ’ ಅನ್ನಿ, ಕೆಳಗೆ ದಪ್ಪಕ್ಷರದಲ್ಲಿ ‘ನೀರು ಹಾಕಬೇಡಿ’ ಅಂತ ಸೇರಿಸಿ.

ಕೋಟ್‌ಗೆ ನಮ್ಮ ಹಳೇ ಪೇಂಟರ್‌ಗಳು ಕೈ ಅನ್ನುತ್ತಾರೆ. ಮೊದಲನೇ ಕೈ, ಎರಡನೇ ಕೈ. ಉರ್ದು ಮಾತಾಡುವವರು ಹಾತ್ ಅನ್ನುತ್ತಾರೆ. ಹುಡುಗರಿಗೆ ಮಾತ್ರ ಕೋಟು. ನೀವು ‘ಕೊನೆಯ ಕೈ’ ಅಂದರೆ ಎಲ್ಲರಿಗೂ ತಿಳಿಯುತ್ತದೆ.

ಅಚ್ಚಗನ್ನಡಿಗ, ಬೆಂಗಳೂರು (ಊರು ಶಹಾಪುರ):

ವಜ್ರವೂ ಬೇಡ, ಕೋಟೂ ಬೇಡ. ಬಳಿಯುವುದಕ್ಕೆ ಹಳಗನ್ನಡದಲ್ಲಿ ‘ಪೂಸು’ ಇದೆ. ‘ಮೇಲ್ಪೂಸು’ ಎನ್ನಿ. ಎರಡೂ ಕನ್ನಡ. ಮಾಸ್ತರರ ಅರಿಸಮಾಸವೂ ಇಲ್ಲ.

ನಿವೃತ್ತ ಮಾಸ್ತರ್, ಬೀದರ್:

ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುತ್ತದೆ. ಪಾಲು ಹಾಲಾಯಿತು, ಪೂವು ಹೂವಾಯಿತು. ಪೂಸು ಏನಾಯಿತು ಎಂದು ಬಾಯಿಬಿಟ್ಟು ಹೇಳಿ ನೋಡೋಣ. ಬೇಳೆ ಪ್ಯಾಕ್ ಮಾಡುವ ಹಾಲ್ ಅದು. ಬೋರ್ಡು ಓದಿದವರು ಮೂಗು ಮುಚ್ಚಿಕೊಂಡು ಓಡುತ್ತಾರೆ.

ಅಚ್ಚಗನ್ನಡಿಗ, ಬೆಂಗಳೂರು (ಊರು ಶಹಾಪುರ):

ನಗುವವರು ನಗಲಿ. ಆದರೆ ‘ಮೇಲ್ಪೊರೆ’ ಎನ್ನಿ. ಪೊರೆ ಇಂದಿಗೂ ಬಳಕೆಯಲ್ಲಿದೆ, ಪಕಾರ ಹಾಗೇ ಉಳಿದಿದೆ.

ಪೇಂಟ್ ಅಂಗಡಿಯವ, ಯಾದಗಿರಿ:

ಪೊರೆ ಕಳಚುವುದು. ಹಾವು ಬಿಡುತ್ತದೆ, ಕಣ್ಣಿನ ಡಾಕ್ಟರ್ ತೆಗೆಯುತ್ತಾರೆ. ಟಾಪ್ ಕೋಟ್ ಪೊರೆ ಬಿಟ್ಟರೆ ಅಂದು ನಮ್ಮ ದುಡ್ಡೂ ಹೋಗುತ್ತದೆ.

ಇದನ್ನು ತಮಾಷೆಗೆ ಹೇಳುತ್ತಿಲ್ಲ. ಎಪಾಕ್ಸಿ ಪೂರ್ತಿ ಗಟ್ಟಿಯಾದ ಮೇಲೆ ಅದರ ಮೈ ನುಣ್ಣಗೆ, ಹೊಳೆಯುತ್ತಾ ಇರುತ್ತದೆ. ಅದರ ಮೇಲೆ ನೇರ ಹಚ್ಚಿದರೆ ಹಿಡಿತ ಸಿಗಲ್ಲ. ತಿಂಗಳೊಪ್ಪತ್ತಿನಲ್ಲಿ ಉಗುರು ಹಾಕಿ ಎಬ್ಬಿಸಿದರೆ ಹಾಳೆ ಹಾಗೆ ಏಳುತ್ತದೆ. ಅದಕ್ಕೇ ಆ ‘ಕಿಟಕಿ’. ಡಬ್ಬಿ ಮೇಲೆ ಹೇಳಿದ ಅವಧಿಯೊಳಗೆ, ಕೆಳಗಿನದು ಇನ್ನೂ ಎಳೆಯದಾಗಿರುವಾಗಲೇ ಹಚ್ಚಿದರೆ ಎರಡೂ ಬೆಸೆದುಕೊಳ್ಳುತ್ತವೆ. ಅವಧಿ ಮುಗಿದಿದ್ದರೆ 220 ನಂಬರ್ ಪೇಪರ್ ಹಿಡಿದು ಉಜ್ಜಲೇಬೇಕು. ಎಲ್ಲಿ ನೋಡಿದರೂ ಮಂಕಾಗಿ ಕಾಣಬೇಕು, ಒಂದು ಕಡೆಯೂ ಹೊಳಪು ಉಳಿಯಬಾರದು. ಹೊಳಪು ತರೋದಕ್ಕೆ ಮೊದಲು ಹೊಳಪು ತೆಗೆಯಬೇಕು ಅನ್ನೋದು ಹೊಸ ಹುಡುಗರಿಗೆ ಅರ್ಥವೇ ಆಗುವುದಿಲ್ಲ. ಚಂದ ಇರೋದನ್ನ ಯಾಕೆ ಕೆಡಿಸಬೇಕು ಅಂತ ಸುಮ್ಮನೆ ಒರೆಸಿ ಬಿಡುತ್ತಾರೆ.

ಆ ಕಿಟಕಿಗೆ ಏನು ಪದವೋ ನನಗೆ ಹೊಳೆಯುತ್ತಿಲ್ಲ. ಮುದ್ದತು?

ಹವ್ಯಾಸಿ ಸಂಶೋಧಕ, ಸೇಡಂ:

ಮುದ್ದತು ಬ್ಯಾಂಕಿನದು. ‘ಹದ’ ಅನ್ನಿ. ರೈತ ಹದ ನೋಡಿ ಬಿತ್ತುತ್ತಾನೆ, ಹದ ತಪ್ಪಿದರೆ ಕಾಯುತ್ತಾನೆ. ‘ಹದ ತಪ್ಪುವ ಮೊದಲೇ ಮುಂದಿನ ಕೈ ಹಚ್ಚಿ. ಹದ ತಪ್ಪಿದ್ದರೆ ಉಜ್ಜಿ ಹಚ್ಚಿ.’ ಇಷ್ಟು ಸಾಕು, ಮೇಸ್ತ್ರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಅರಿಸಮಾಸ. ಮಳಖೇಡ ನನ್ನ ತಾಲೂಕು, ಹಾಗಾಗಿ ಒಂದು ಮಾತು. ‘ದಿನ’ ಸಂಸ್ಕೃತ, ‘ಕೂಲಿ’ ಕನ್ನಡ. ಆ ಹಾಲ್‌ನಲ್ಲಿ ದುಡಿಯುವವರು ದಿನಗೂಲಿಗಳು. ಮಾಸ್ತರರು ಅವರನ್ನು ಏನಂತ ಕರೆಯುತ್ತಾರೆ? ಶಬ್ದಮಣಿದರ್ಪಣ ಬರೆದ ವ್ಯಾಕರಣಕಾರ ಕೇಶಿರಾಜನೇ ಬಿರುದುಗಳಿಗೆ, ಹಿಂದಿನವರ ಬಳಕೆಗೆ ದಾರಿ ಬಿಟ್ಟಿದ್ದಾನೆ.

ನಿವೃತ್ತ ಮಾಸ್ತರ್, ಬೀದರ್:

ಕೇಶಿರಾಜ ರಿಯಾಯಿತಿ ಕೊಟ್ಟದ್ದು ಬಿರುದಿಗೆ. ಬಾಗಿಲಿನ ಬೋರ್ಡಿಗಲ್ಲ.

ಪೇಂಟ್ ಅಂಗಡಿಯವ, ಯಾದಗಿರಿ:

‘ರಿಯಾಯಿತಿ’ ಯಾವ ಭಾಷೆ ಮಾಸ್ತರ್ರೇ?

ನಿವೃತ್ತ ಮಾಸ್ತರ್, ಬೀದರ್:

ತಮ್ಮಾ, ಅದು ಸಮಾಸವಲ್ಲ. ಬಿಡಿಪದ ಎಲ್ಲಿಂದಲಾದರೂ ಬರಲಿ, ನನ್ನ ತಕರಾರಿಲ್ಲ. ಕೂಡಿಸುವಾಗ ಕುಲ ನೋಡಿ ಎಂದಷ್ಟೇ ನಾನು ಹೇಳಿದ್ದು.

ಹವ್ಯಾಸಿ ಸಂಶೋಧಕ, ಸೇಡಂ:

ಕುಲ ನೋಡಿ ಎನ್ನುವ ಮಾತನ್ನು ಬಸವಣ್ಣನವರ ನಾಡಿನಲ್ಲಿ, ಅದೂ ಬಸವಕಲ್ಯಾಣ ಇರುವ ಜಿಲ್ಲೆಯಿಂದ ಕೇಳುತ್ತಿದ್ದೇವೆ. ಚೆನ್ನಾಗಿದೆ.

ನಮ್ಮ ಕಡೆ ಮನೆ ಕಟ್ಟುವವರ ಬಾಯಲ್ಲಿ ಕುಲ ನೋಡಲು ಹೊರಟರೆ ನಿಲ್ಲಲು ನೆಲವೂ ಉಳಿಯುವುದಿಲ್ಲ. ಶಹಾಬಾದ್ ಕಲ್ಲು ನಮ್ಮ ಭೂಮಿಯಲ್ಲೇ ಸಿಗುವ ಸುಣ್ಣದಕಲ್ಲು. ಅದಕ್ಕೆ ನಾವು ಅನ್ನುವುದು ಫರ್ಸಿ. ಮೂಲ ಅರಬ್ಬಿಯ ‘ಫರ್ಶ್’, ಅಂದರೆ ಹಾಸು. ಗೋಡೆಗೆ ಮಾಡುವುದು ಗಿಲಾವು, ಅದು ಫಾರ್ಸಿಯ ‘ಗಿಲ್’ನಿಂದ ಬಂತು, ಗಿಲ್ ಅಂದರೆ ಮಣ್ಣು. ಪಾತ್ರೆಗೆ ಹಾಕಿಸುವ ಕಲಾಯಿಯೂ ಅರಬ್ಬಿ. ನೆಲ, ಗೋಡೆ, ಪಾತ್ರೆ ಮೂರೂ ಹೋದವು. ನೆಲದ ಮೇಲಿನ ಒಂದು ಕೋಟ್‌ಗೆ ಮಾತ್ರ ಮಡಿ ಯಾಕೆ?

ಅಚ್ಚಗನ್ನಡಿಗ, ಬೆಂಗಳೂರು (ಊರು ಶಹಾಪುರ):

ಹೋದವು ಅಂತ ನೀವೇ ಒಪ್ಪಿಕೊಂಡಿರಿ. ಉಳಿದದ್ದನ್ನೂ ಕೊಟ್ಟುಬಿಡಬೇಕೆ? ಹಾಸುಗಲ್ಲು ಎನ್ನುವ ಪದ ಸತ್ತಿದ್ದು ಹೀಗೆಯೇ.

ಹವ್ಯಾಸಿ ಸಂಶೋಧಕ, ಸೇಡಂ:

ಸತ್ತಿಲ್ಲ. ನಮ್ಮ ಓಣಿಗೆ ಬನ್ನಿ, ತೋರಿಸುತ್ತೇನೆ. ಫರ್ಸಿ ಬಂತು ಅಂತ ಯಾರೂ ಹಾಸುಗಲ್ಲನ್ನು ಕಿತ್ತು ಹಾಕಿಲ್ಲ.

ಬಿದ್ರಿ ಅಂಗಡಿ, ಬೀದರ್:

ಹೊಳಪು ಬೇರೆ, ಮೆರುಗು ಬೇರೆ ಎನ್ನಲು ಬಂದೆ. ನಮ್ಮ ಬಿದ್ರಿ ಪಾತ್ರೆಯ ಕಪ್ಪು ಮೇಲಿಂದ ಹಚ್ಚಿದ ಬಣ್ಣವಲ್ಲ. ಸತು ಹೆಚ್ಚು, ತಾಮ್ರ ಕಡಿಮೆ ಇರುವ ಮಿಶ್ರಲೋಹ ಅದು. ಕೋಟೆಯ ಹಳೇ ಜಾಗದ ಮಣ್ಣನ್ನೂ ನವಸಾಗರವನ್ನೂ ನೀರಿನಲ್ಲಿ ಕಲಸಿ ತಿಕ್ಕಿದರೆ ಲೋಹ ತಾನೇ ಕಪ್ಪಾಗುತ್ತದೆ, ಕೆತ್ತಿ ತುಂಬಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಕೊನೆಗೆ ಎಣ್ಣೆ ಹಾಕಿ ಉಜ್ಜುತ್ತೇವೆ. ಹೀಗೆ ಒಳಗಿರುವುದನ್ನು ಉಜ್ಜಿ ಹೊರಗೆ ತಂದರೆ ಮೆರುಗು. ಮೇಲೆ ಕೂರಿಸಿದ್ದು ಹೊಳಪು. ಆದ್ದರಿಂದ ಅಕ್ಕನವರ ‘ಹೊಳಪು’ ಸರಿ ಇದೆ. ಗಾಜಿನಂಥ ಹೊಳಪಿಗೆ ನಮ್ಮೂರಲ್ಲೇ ‘ಕಾಶಿ ಕೆಲಸ’ ಇದೆ. 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಹೆಂಚುಗಳನ್ನು ನೋಡಿ. ಆ ಕಾಶಿ ಗಂಗೆಯ ದಂಡೆಯದಲ್ಲ, ಇರಾನಿನ ಕಾಶಾನ್ ಊರಿನದು.

ಪೇಂಟ್ ಅಂಗಡಿಯವ, ಯಾದಗಿರಿ:

ಅದು ಭಟ್ಟಿಯಲ್ಲಿ ಕರಗಿಸಿದ ಗಾಜು. ಇದು ರೋಲರ್‌ನಲ್ಲಿ ಹಚ್ಚುವ ಪ್ಲಾಸ್ಟಿಕ್. ಮತ್ತೆ ಗ್ಲಾಸ್‌ಗೇ ಬಂದು ನಿಂತಿರಿ.

ನಿವೃತ್ತ ಮಾಸ್ತರ್, ಬೀದರ್:

ಬಿದ್ರಿಯವರ ಭೇದ ಅನುಭವದ್ದು, ಭಾಷೆಯದ್ದಲ್ಲ. ವಾರ್ನಿಶ್‌ಗೆ ನಿಘಂಟಿನಲ್ಲಿ ‘ಮೆರುಗೆಣ್ಣೆ’ ಇದೆ. ಅದನ್ನು ಮೇಲೆಯೇ ಹಚ್ಚುತ್ತಾರೆ. ಹಳಗನ್ನಡದ ‘ಮಿಱುಗು’ವಿನ ಬಂಧು ಅದು. ತೆಲುಗಿನಲ್ಲಿ ಮೆರುಗು, ತಮಿಳಿನಲ್ಲೂ ಮೆರುಗು. ಮೆರುಗು ಕನ್ನಡ, ಎಣ್ಣೆ ಕನ್ನಡ. ವಜ್ರಲೇಪ ಬೇಡವಾದರೆ ಮೆರುಗೆಣ್ಣೆ ಬರೆಯಿರಿ. ಚರ್ಚೆ ಮುಗಿಯಿತು.

ಪೇಂಟ್ ಅಂಗಡಿಯವ, ಯಾದಗಿರಿ:

ಒಳ್ಳೆಯ ಪದ, ಒಪ್ಪಿದೆ. ಆದರೆ ಈ ಕೆಲಸಕ್ಕೆ ಬರಲ್ಲ. ಸೂಚನೆಯಲ್ಲಿ ‘ಎಣ್ಣೆ’ ಅಂತ ಕಂಡರೆ ಅಗಸೆ ಎಣ್ಣೆ ತಂದು ಒರೆಸುವವರನ್ನು ನೋಡಿದ್ದೇನೆ. ಎಪಾಕ್ಸಿ ಮೇಲೆ ಎಣ್ಣೆಯ ಪಸೆ ಒಂದಿಷ್ಟು ಇದ್ದರೂ ಟಾಪ್ ಕೋಟ್ ಅಲ್ಲಿಂದ ಸರಿದುಕೊಂಡು ದುಂಡನೆ ಕುಳಿ ಬೀಳುತ್ತದೆ. ಆಮೇಲೆ ಇಡೀ ಜಾಗ ಉಜ್ಜಿ ಮೊದಲಿಂದ ಹಚ್ಚಬೇಕು.

ಅಕ್ಕಾರೇ, ಇನ್ನೊಂದು. ಮಳೆಗಾಲದಲ್ಲಿ, ಚಳಿ ಬಿದ್ದ ರಾತ್ರಿ ಎಪಾಕ್ಸಿ ಹಾಕಿದ್ದರೆ ಬೆಳಿಗ್ಗೆ ಕೈಯಾಡಿಸಿ ನೋಡಿ. ಮೇಣದಂಥ ಜಿಡ್ಡು ಹತ್ತುವುದುಂಟು. ಹಾರ್ಡನರ್‌ನಲ್ಲಿರುವ ಅಮೈನ್ ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಎರಡರ ಜೊತೆ ಸೇರಿ ಆಗುವುದು ಅದು. ಅದನ್ನು ಮೊದಲು ನೀರು ಹಾಕಿ ತಿಕ್ಕಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಪೇಪರ್ ಹಿಡಿಯಬೇಕು. ಮೊದಲೇ ಉಜ್ಜಿದರೆ ಜಿಡ್ಡು ನೆಲಕ್ಕೆಲ್ಲ ಹರಡುತ್ತದೆ. ಪದ ಬೇಡ, ‘ಜಿಡ್ಡು’ ಅಂತಲೇ ಬರೆಯಿರಿ. ಇಲ್ಲಿ ನೀರು ಹಾಕಬೇಕು, ಟಾಪ್ ಕೋಟ್ ಹಚ್ಚಿದ ಮೇಲೆ ಹಾಕಬಾರದು. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿಡಿ, ಇಲ್ಲದಿದ್ದರೆ ಅದಲುಬದಲಾಗುತ್ತದೆ.

ಅನುವಾದಕಿ, ಕಲಬುರಗಿ:

ಎಲ್ಲರಿಗೂ ವಂದನೆ. ಪ್ರಿಂಟಿನವರು ಎರಡು ಸಲ ಫೋನ್ ಮಾಡಿದರು, ಇನ್ನು ಕಾಯುವ ಹಾಗಿಲ್ಲ. ‘ಕೊನೆಯ ಕೈ’ ನನಗೆ ಬಹಳ ಹಿಡಿಸಿತು. ಆದರೆ ಕೆಲಸಕ್ಕೆ ಬರುವ ಹುಡುಗರು ಕೋಟು ಅಂತಲೇ ಅನ್ನುತ್ತಾರಂತೆ, ಮೇಸ್ತ್ರಿ ಹೇಳಿದರು. ಮೊದಲು ‘ಮೇಲುಕೈ’ ಅಂತ ಬರೆದು ನೋಡಿದೆ. ಯಾರ ಮೇಲುಗೈ ಅಂತ ಕೇಳಿದರು!

ಬೋರ್ಡು ಹೀಗಿದೆ:

‘ನೆಲಕ್ಕೆ ಹೊಳಪಿನ ಕೊನೆ ಕೋಟು ಹಚ್ಚಿದೆ. ನಾಳೆ ಬೆಳಿಗ್ಗೆ 10ರವರೆಗೆ ಒಳಗೆ ಕಾಲಿಡಬೇಡಿ. ಏಳು ದಿನ ನೀರು ಹಾಕಬೇಡಿ, ಭಾರ ಎಳೆಯಬೇಡಿ.’

ಸೂಚನೆಯ ಮುಖ್ಯ ಸಾಲುಗಳು:

‘ಎಪಾಕ್ಸಿ ಮೇಲೆ ಜಿಡ್ಡು ಇದ್ದರೆ ನೀರಿನಿಂದ ತೊಳೆದು ಪೂರ್ತಿ ಒಣಗಿಸಿ. ಹದ ತಪ್ಪಿದ್ದರೆ 220 ನಂಬರ್ ಪೇಪರಿನಿಂದ ಮಂಕಾಗುವವರೆಗೆ ಉಜ್ಜಿ, ಧೂಳು ತೆಗೆಯಿರಿ. ಎರಡು ಡಬ್ಬಿ ಬೆರೆಸಿದ ಮೇಲೆ ಚೀಟಿಯಲ್ಲಿ ಹೇಳಿದ ಹೊತ್ತಿನೊಳಗೆ ಮುಗಿಸಿ. ಬೇಸಿಗೆಯಲ್ಲಿ ಮಾಲು ಬೇಗ ಗಟ್ಟಿಯಾಗುತ್ತದೆ, ಬೆಳಿಗ್ಗೆಯೇ ಹಚ್ಚಿ. ಒಂದು ದಪ್ಪ ಕೋಟು ಬೇಡ, ತೆಳ್ಳಗೆ ಎರಡು ಹಚ್ಚಿ. ಮಾಸ್ಕ್ ಇಲ್ಲದೆ ಡಬ್ಬಿ ತೆರೆಯಬೇಡಿ.’

ಮಾಸ್ಕ್ ಅಂದರೆ ಬಟ್ಟೆಯದು ಸಾಕಾಗುತ್ತಾ?

ನಿವೃತ್ತ ಮಾಸ್ತರ್, ಬೀದರ್:

ಕೋಟು ತೊಡುವುದು, ಹಚ್ಚುವುದಲ್ಲ. ನನ್ನ ಆಕ್ಷೇಪ ದಾಖಲಾಗಲಿ.

ಪೇಂಟ್ ಅಂಗಡಿಯವ, ಯಾದಗಿರಿ:

ಸಾಕಾಗಲ್ಲ ಅಕ್ಕಾರೇ. ಐಸೊಸಯನೇಟ್ ಹಬೆ ಬಟ್ಟೆ ದಾಟಿ ಬರುತ್ತದೆ. ಕೆಲವರಿಗೆ ಒಮ್ಮೆ ಉಬ್ಬಸ ಹಿಡಿದರೆ ಮತ್ತೆ ಆ ಡಬ್ಬಿ ಹತ್ತಿರ ಹೋಗುವ ಹಾಗೇ ಇಲ್ಲ. ‘ಫಿಲ್ಟರ್ ಇರುವ ಪೇಂಟರ್ ಮಾಸ್ಕ್’ ಅಂತ ಬರೆಯಿರಿ. ಕೈಗವಸನ್ನೂ ಸೇರಿಸಿ. ಕಿಟಕಿ ತೆರೆದಿಡಿ ಅಂತಲೂ ಹಾಕಿ, ಈ ಸಲ ನಿಜವಾದ ಕಿಟಕಿ.