ಚರ್ಚಿಲ್ ಸರ್ಕಾರ: ‘ಸಮ್ಮಿಶ್ರ’ವೋ, ‘ಮೈತ್ರಿ’ಯೋ, ‘ಕೂಡು’ವೋ?

ಗೆಳೆಯರೇ, ನಾಲ್ಕು ದಿನದಿಂದ ಒಂದೇ ಪದಕ್ಕೆ ತಡಕಾಡುತ್ತಿದ್ದೇನೆ. ಎರಡನೇ ಮಹಾಯುದ್ಧದ ಕಾಲದ ಬ್ರಿಟನ್ ರಾಜಕೀಯದ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. 1940ರ ಮೇ ತಿಂಗಳಲ್ಲಿ ಚರ್ಚಿಲ್ ಕಟ್ಟಿದ ಸರ್ಕಾರದಲ್ಲಿ ಕನ್ಸರ್ವೇಟಿವ್, ಲೇಬರ್, ಲಿಬರಲ್ ಮೂರೂ ಪಕ್ಷದವರಿದ್ದರು. ಅದನ್ನು ಏನೆಂದು ಕರೆಯೋಣ?

ಮೊದಲು ಬಾಯಿಗೆ ಬರುವುದು ‘ಸಮ್ಮಿಶ್ರ ಸರ್ಕಾರ’. ನಿಘಂಟು ನೋಡಿದರೆ ತಪ್ಪೇನಿಲ್ಲ. ಆದರೆ ಆ ಪದ ಕೇಳಿದರೆ ನಮಗೆ ನೆನಪಾಗುವುದು 2004, 2006, 2018ರ ಬೆಂಗಳೂರು, ಅಲ್ವಾ? ಯಾರಿಗೂ ಬಹುಮತ ಬರಲಿಲ್ಲ, ಹಾಗಾಗಿ ಇಬ್ಬರು ಸೇರಿದರು ಅಂತ ಓದುವವರು ತಾವೇ ಅರ್ಥ ಮಾಡಿಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ ಆದದ್ದೇ ಬೇರೆ. 1935ರ ಚುನಾವಣೆಯಲ್ಲಿ ಗೆದ್ದ ಕನ್ಸರ್ವೇಟಿವ್ ಪಕ್ಷಕ್ಕೆ ಒಂದೇ ಪಕ್ಷವಾಗಿ ಬಹುಮತವಿತ್ತು. ನಾರ್ವೆಯಲ್ಲಿ ಜರ್ಮನಿಯೆದುರು ಆದ ಸೋಲಿನ ಮೇಲೆ ಸಂಸತ್ತಿನಲ್ಲಿ ನಡೆದ ಚರ್ಚೆಯ ಕೊನೆಗೆ, 1940ರ ಮೇ 8ರಂದು, ಆಗಿನ ಕನ್ಸರ್ವೇಟಿವ್ ಪ್ರಧಾನಿ ಚೇಂಬರ್ಲಿನ್ ಸರ್ಕಾರ 281–200ರಲ್ಲಿ ಮತ ಗೆದ್ದೇ ಇತ್ತು. ಗೆದ್ದರೂ ಸ್ವಂತ ಪಕ್ಷದವರೇ ಹಲವರು ಎದುರು ಮತ ಹಾಕಿದ್ದರಿಂದ, ಇನ್ನೂ ಹಲವರು ಮತ ಹಾಕದೆ ಉಳಿದಿದ್ದರಿಂದ ಆತನ ಬಲ ಕುಸಿಯಿತು. ಬೋರ್ನ್‌ಮತ್ ಊರಿನಲ್ಲಿ ಸೇರಿದ್ದ, ಕಾರ್ಮಿಕರ ಪಕ್ಷವಾದ ಲೇಬರ್‌ನ ನಾಯಕರು, ಬೇರೆ ಪ್ರಧಾನಿಯಾದರೆ ಬರುತ್ತೇವೆ, ಚೇಂಬರ್ಲಿನ್ ಕೈಕೆಳಗೆ ಬರುವುದಿಲ್ಲ ಎಂದರು. ಅಂದರೆ ಇಲ್ಲಿ ಬೇಕಾಗಿದ್ದು ಸೀಟುಗಳಲ್ಲ, ಕಾರ್ಮಿಕರ ಮತ್ತು ದೇಶದ ಒಪ್ಪಿಗೆ. ‘ಸಮ್ಮಿಶ್ರ’ದಲ್ಲಿ ಈ ಅರ್ಥ ನನಗಂತೂ ಕೇಳಿಸುವುದಿಲ್ಲ.

‘ಮೈತ್ರಿ ಸರ್ಕಾರ’ ಅಂದರೆ ಇನ್ನೊಂದು ತೊಡಕು. ಅದೇ ಲೇಖನದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಎಲ್ಲ ‘ಮಿತ್ರರಾಷ್ಟ್ರ’ಗಳಾಗಿ ಬರುತ್ತವೆ. ‘ಮೈತ್ರಿಯಲ್ಲಿ ಬಿರುಕು’ ಎಂದು ಬರೆದರೆ ಲೇಬರ್ ನಾಯಕ ಆಟ್ಲಿ–ಚರ್ಚಿಲ್ ನಡುವೆಯೋ, ಚರ್ಚಿಲ್–ಸ್ಟಾಲಿನ್ ನಡುವೆಯೋ?

‘ರಾಷ್ಟ್ರೀಯ ಸರ್ಕಾರ’ ಎಂದು ಕೆಲವರು ಬರೆಯುತ್ತಾರೆ. ದಯವಿಟ್ಟು ಬೇಡ. 1931ರಲ್ಲಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಕಟ್ಟಿದ ಸರ್ಕಾರದ ಹೆಸರೇ ಅದು, ಅದಕ್ಕಾಗಿ ಅವರನ್ನು ಲೇಬರ್ ಪಕ್ಷ ಹೊರಹಾಕಿತ್ತು. ಮೇಲಾಗಿ 1942ರಲ್ಲಿ ಬ್ರಿಟಿಷ್ ಸಚಿವ ಕ್ರಿಪ್ಸ್ ಮಾತುಕತೆಗೆ ದೆಹಲಿಗೆ ಬಂದಾಗ ಕಾಂಗ್ರೆಸ್ ಕೇಳಿದ್ದೂ ‘ರಾಷ್ಟ್ರೀಯ ಸರ್ಕಾರ’ವನ್ನೇ. ಮೂರಕ್ಕೂ ಒಂದೇ ಹೆಸರಿಟ್ಟರೆ ಓದುವವರ ಗತಿ?

ನನಗೆ ಹೊಳೆದದ್ದು ‘ಕೂಡು ಸರ್ಕಾರ’. ಕೂಡುಕುಟುಂಬ ಇದೆಯಲ್ಲ, ಹಾಗೆ. ಮನೆ ಒಂದು, ಒಲೆ ಒಂದು, ಆದರೆ ಅಣ್ಣತಮ್ಮಂದಿರ ಲೆಕ್ಕ ಅವರವರಿಗೆ. ಜರ್ಮನಿ ಸೋತ ಮೇಲೆ, ಜಪಾನ್ ಸೋಲುವವರೆಗೂ ಜೊತೆಗಿರೋಣ ಎಂದು ಚರ್ಚಿಲ್ ಕೇಳಿದಾಗ ಲೇಬರ್ ಒಪ್ಪಲಿಲ್ಲ. 1945ರ ಮೇ 23ಕ್ಕೆ ‘ಬೇರೆಯಾದರು’. ನೋಡಿ, ಕ್ರಿಯಾಪದವೂ ತಾನಾಗಿ ಕೂತುಕೊಳ್ಳುತ್ತದೆ. ಈ ಪದವನ್ನು ಇದೇ ಅರ್ಥದಲ್ಲಿ ಯಾರಾದರೂ ಮೊದಲೇ ಬಳಸಿದ್ದು ನಿಮ್ಮ ಕಣ್ಣಿಗೆ ಬಿದ್ದಿದ್ದರೆ ತಿಳಿಸಿ.

ಇನ್ನೊಂದು ಪ್ರಶ್ನೆ ‘ನಾಯಕ’ದ್ದು. ಚರ್ಚಿಲ್ ಪ್ರಧಾನಿಯಾದದ್ದು ಮೇ 10ಕ್ಕೆ. ಪಕ್ಷದ ನಾಯಕತ್ವ ಮಾತ್ರ ಅಕ್ಟೋಬರ್‌ವರೆಗೆ ಚೇಂಬರ್ಲಿನ್ ಕೈಯಲ್ಲೇ ಇತ್ತು. ಪ್ರಧಾನಿಯಾಗಿ ಮೊದಲ ಸಲ ಸದನಕ್ಕೆ ಬಂದಾಗ ಚರ್ಚಿಲ್‌ಗಿಂತ ಜಾಸ್ತಿ ಹರ್ಷೋದ್ಗಾರವನ್ನು ಕನ್ಸರ್ವೇಟಿವರು ಚೇಂಬರ್ಲಿನ್‌ಗೇ ಕೊಟ್ಟರು. ಚೇಂಬರ್ಲಿನ್‌ಗಿದ್ದ ಈ ಸ್ಥಾನವನ್ನು ‘ಪಕ್ಷದ ಅಧ್ಯಕ್ಷ’ ಎಂದು ಬರೆದರೆ ತಪ್ಪಾಗುತ್ತದೆ, ಆ ಪಕ್ಷದಲ್ಲಿ ಅಧ್ಯಕ್ಷನ ಹುದ್ದೆ ಬೇರೆಯೇ ಇದೆ. ಸುಮ್ನೆ ‘ನಾಯಕ’ ಎಂದರೆ ಯುದ್ಧದ ನಾಯಕ ಚರ್ಚಿಲ್ ಅಂತಾಗುತ್ತದೆ. ಸದ್ಯಕ್ಕೆ ‘ಪಕ್ಷದ ಮುಖಂಡ’ ಎಂದು ಇಟ್ಟಿದ್ದೇನೆ, ಆದರೆ ನಮ್ಮಲ್ಲಿ ಒಂದೇ ಪಕ್ಷಕ್ಕೆ ಹತ್ತು ಜನ ಮುಖಂಡರಿರುತ್ತಾರೆ, ಅಲ್ಲಿದ್ದದ್ದು ಒಬ್ಬರೇ.

ಕೊನೆಯದು ಸಣ್ಣದು. ಉಪಚುನಾವಣೆ ಬಂದರೆ ಯಾರ ಸೀಟೋ ಅವರೇ ನಿಲ್ಲಲಿ, ಉಳಿದಿಬ್ಬರು ನಿಲ್ಲುವುದು ಬೇಡ ಎಂದು ಮೂರು ಪಕ್ಷಗಳೂ ಒಪ್ಪಿಕೊಂಡಿದ್ದವು. ‘ಚುನಾವಣಾ ಹೊಂದಾಣಿಕೆ’ ಎಂದರೆ ಸೀಟು ಹಂಚಿಕೆಯಾಗುತ್ತದೆ. ‘ಚುನಾವಣಾ ಕದನವಿರಾಮ’ ಎಂದರೆ, ಪಕ್ಕದಲ್ಲೇ ನಿಜವಾದ ಕದನ ನಡೆಯುತ್ತಿರುವಾಗ, ಯಾರಾದರೂ ಬೇರೆ ಅರ್ಥ ಮಾಡಿಕೊಂಡಾರೆಯೇ?