ಪದಚರ್ಚೆ: ಗಾಲ್ಫ್ ಕೋಲಿನ ‘ಗ್ರಿಪ್’ – ಹಿಡಿಯೇ, ಹಿಡಿತವೇ, ಗವಸೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ನಾನು ದೊಮ್ಮಲೂರಿನ ನಿವಾಸಿ. ಭಾನುವಾರ ಬೆಳಿಗ್ಗೆ ಗಾಲ್ಫ್ ಆಡುವ ಅಭ್ಯಾಸವಿದೆ. ಕೋಲಿನ ತುದಿಗೆ ತೊಡಿಸಿರುವ ರಬ್ಬರು ಬೆವರು ಬಿಸಿಲಿಗೆ ಗಡುಸಾಗಿ ಜಾರತೊಡಗಿದರೆ ಅದನ್ನು ಮನೆಯಲ್ಲಿಯೇ ಬದಲಾಯಿಸಿಕೊಳ್ಳುತ್ತೇನೆ. ನನ್ನ ಚೀಲ ಹೊರುವ ಕ್ಯಾಡಿ ಕೋಲಾರದ ಕಡೆಯವರು. ‘ಈ ಕೆಲಸವನ್ನು ಕನ್ನಡದಲ್ಲಿ ಬರೆದುಕೊಡಿ ಸಾರ್, ನನ್ನ ಮಗ ಕಲಿತರೆ ನಾಲ್ಕು ಕಾಸು ಸಂಪಾದಿಸುತ್ತಾನೆ’ ಎಂದು ಅವರು ಕೇಳಿದರು. ಸಂತೋಷದಿಂದ ಒಪ್ಪಿಕೊಂಡು ಕುಳಿತರೆ ಮೊದಲ ವಾಕ್ಯವೇ ಮುಂದೆ ಹೋಗಲಿಲ್ಲ.

ನಾನು ಬರೆದದ್ದು ಹೀಗಿತ್ತು: ‘ಕ್ಲಬ್ಬಿನ ಗ್ರಿಪ್ ಸವೆದರೆ ಕೈಗೆ ಗ್ರಿಪ್ ಸಿಗುವುದಿಲ್ಲ, ಆಗ ಆಟಗಾರನ ಗ್ರಿಪ್ ಕೆಡುತ್ತದೆ.’ ಮೊದಲನೆಯ ಗ್ರಿಪ್ ಒಂದು ವಸ್ತು, ಎರಡನೆಯದು ಜಾರದಿರುವ ಗುಣ, ಮೂರನೆಯದು ಬೆರಳುಗಳನ್ನು ಜೋಡಿಸುವ ರೀತಿ. ಕಲಿಯುವ ಹುಡುಗನಿಗೆ ಇದು ಅನ್ಯಾಯ. ಇನ್ನು ‘ಕ್ಲಬ್’ ಎಂಬ ಮಾತು. ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ ಎಂದ ಕೂಡಲೇ ನೆನಪಿಗೆ ಬರುವುದು 1876ರಷ್ಟು ಹಳೆಯ ಸಂಸ್ಥೆ, ಕೈಯಲ್ಲಿರುವ ಸಾಧನವಲ್ಲ. ‘ದಾಂಡು’ ಎನ್ನೋಣವೆಂದರೆ ಅದು ದಾಂಡಿಗನ ಜೊತೆ ಕ್ರಿಕೆಟ್ಟಿಗೆ ಹೊರಟುಹೋಗಿದೆ. ಹಾಗಾಗಿ ಕೋಲು ಎಂದೇ ಬರೆಯುತ್ತಿದ್ದೇನೆ. ಈ ಬಗ್ಗೆ ನನಗೆ ಅಳುಕಿಲ್ಲ.

ಮೂರನೆಯ ಅರ್ಥಕ್ಕೆ ‘ಹಿಡಿತ’ ಸೊಗಸಾಗಿ ಹೊಂದುತ್ತದೆ. ಕುಣಿತ, ಹೊಡೆತಗಳಂತೆ ಅದು ಕ್ರಿಯೆಯನ್ನು ಹೇಳುವ ಪದ. ಬಲಗೈಯ ಕಿರುಬೆರಳನ್ನು ಎಡಗೈಯ ತೋರುಬೆರಳಿಗೆ ಹೆಣೆದರೆ ಹೆಣೆಹಿಡಿತ, ಅದರ ಮೇಲೆ ಇರಿಸಿದರೆ ಮೇಲುಹಿಡಿತ. ಹುಡುಗನಿಗೆ ಹೇಳಿ ನೋಡಿದೆ, ಮರುಪ್ರಶ್ನೆ ಇಲ್ಲದೆ ಬೆರಳು ಜೋಡಿಸಿದ.

ತೊಡಕಿರುವುದು ವಸ್ತುವಿನ ಹೆಸರಿನಲ್ಲಿ. ಹಿಡಿಯುವ ಭಾಗಕ್ಕೆ ನಮ್ಮಲ್ಲಿ ಪದಗಳ ಬರವಿಲ್ಲ. ನೇಗಿಲಿಗೆ ಮೇಳಿ, ಕೊಡಲಿಗೆ ಕಾವು, ಬೀಸುವ ಕಲ್ಲಿಗೆ ಗೂಟ, ಚಾಕುವಿಗೆ ಹಿಡಿ, ಬಾಣಲೆಗೆ ಹಿಡಿಕೆ. ಆದರೆ ಇವೆಲ್ಲವೂ ಸಾಧನದ ಅಂಗಗಳು. ಗಾಲ್ಫ್ ಕೋಲಿನ ಗ್ರಿಪ್ ಅಂಗವಲ್ಲ, ಅಂಗದ ಮೇಲಿನ ಉಡುಗೆ. ಅದನ್ನು ಸೀಳಿ ತೆಗೆದರೂ ಕೋಲು ಕೋಲಾಗಿಯೇ ಉಳಿಯುತ್ತದೆ. ಆದ್ದರಿಂದ ‘ಹಿಡಿ’, ‘ಹಿಡಿಕೆ’ ಎರಡನ್ನೂ ಬಿಟ್ಟೆ. ಆದರೆ ಈ ಹುಡುಕಾಟದಲ್ಲಿ ಬೇರೊಂದು ಲಾಭವಾಯಿತು: ಒಂದು ತುದಿಯಲ್ಲಿ ಲೋಹದ ತಲೆ, ಇನ್ನೊಂದು ತುದಿಯಲ್ಲಿ ಕೈ, ನಡುವೆ ಉದ್ದನೆಯ ದಂಡ – ‘ಶಾಫ್ಟ್’ ಎನ್ನುವುದು ಇದನ್ನೇ, ಮತ್ತು ಇದೇ ತಾನೇ ನಮ್ಮ ಕಾವು! ‘ಕೊಡಲಿ ಕಾವು ಕುಲಕ್ಕೆ ಸಾವು’ ಎಂಬ ಗಾದೆಯಿಂದಾಗಿ ಕಾವು ಎಂದರೆ ಮರದ್ದೇ ಎನಿಸಬಹುದು. ಗಾಲ್ಫ್ ಕೋಲಿನ ಕಾವೂ ಹಿಂದೆ ಹಿಕರಿ ಮರದ್ದೇ ಆಗಿತ್ತು. ಗಾಲ್ಫ್ ಆಟದ ನಿಯಮಗಳನ್ನು ರೂಪಿಸುವ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಆಡಳಿತ ಮಂಡಳಿ ಉಕ್ಕಿನ ಕಾವಿಗೆ ಒಪ್ಪಿಗೆ ಕೊಟ್ಟದ್ದು 1929ರಲ್ಲಿ. ನಮ್ಮ ಕ್ಯಾಡಿಯ ಮುಂದೆ ‘ಕಾವು’ ಎಂದಾಗ ಅವರು ಅರ್ಥ ಕೇಳಲಿಲ್ಲ. ಅಪಾರ್ಟ್‌ಮೆಂಟಿನ ಗೆಳೆಯರು ಮಾತ್ರ ಬಿಸಿಯ ಕಾವು ಎಂದುಕೊಂಡರು.

ಉಡುಗೆಗೆ ‘ಗವಸು’ ಹೊಳೆಯಿತು. ದಿಂಬಿನ ಗವಸು, ಕೈಗವಸು ಎನ್ನುವ ಹಾಗೆ ಹಿಡಿಗವಸು. ಆದರೆ ಗಾಲ್ಫ್ ಆಡುವವನು ಒಂದು ಕೈಗೆ ಕೈಗವಸನ್ನೂ ಹಾಕಿಕೊಳ್ಳುತ್ತಾನೆ. ‘ಕೈಗವಸು ತೊಟ್ಟು ಹಿಡಿಗವಸನ್ನು ಹಿಡಿ’ ಎಂದು ಬರೆದರೆ ಓದುಗ ಎಡವುತ್ತಾನೆ. ಮೇಲಾಗಿ ಗವಸನ್ನು ಬೇಕೆಂದಾಗ ಕಳಚಬಹುದು, ಇದನ್ನು ಕಳಚಲು ಆಗುವುದಿಲ್ಲ. ಮದ್ದಳೆಯ ಮುಚ್ಚಿಗೆಯೂ ನೆನಪಾಯಿತು. ಅಲ್ಲಿಯೂ ಮರ ಉಳಿದು ಚರ್ಮ ಬದಲಾಗುತ್ತದೆ. ಆದರೆ ಆ ಪದದೊಳಗೆ ನಾದವಿದೆ, ಅದನ್ನು ಇಲ್ಲಿಗೆ ಎಳೆದು ತರಲು ಮನಸ್ಸಾಗಲಿಲ್ಲ.

ಕ್ರಿಯಾಪದದ ವಿಷಯಕ್ಕೆ ಬರುತ್ತೇನೆ. ನನಗೆ ಹೆಚ್ಚು ಖುಷಿ ಕೊಟ್ಟಿರುವುದು ಇದೇ. ಬ್ಯಾಡ್ಮಿಂಟನ್ ರಾಕೆಟ್ಟಿಗೆ ಗ್ರಿಪ್ ಸುತ್ತುತ್ತೇವೆ. ಹಳೆಯ ಗಾಲ್ಫ್ ಕೋಲುಗಳಿಗೂ ತೊಗಲಿನ ಪಟ್ಟಿಯನ್ನು ಸುತ್ತುತ್ತಿದ್ದರು. ಈಗಿನ ರಬ್ಬರಿನದು ಒಂದು ತುದಿ ಮುಚ್ಚಿದ ಕೊಳವೆ, ಮುಚ್ಚಿದ ತುದಿಯಲ್ಲಿ ಗಾಳಿಗೆ ಒಂದು ಸಣ್ಣ ತೂತು. ಹಳೆಯದನ್ನು ಕೊಕ್ಕೆಯಂತೆ ಬಾಗಿದ ಅಲಗಿನಿಂದ, ಕಾವಿಗೆ ಗೀರು ಬೀಳದಂತೆ, ಉದ್ದಕ್ಕೆ ಸೀಳಿ ಸುಲಿಯಬೇಕು. ಕಾವು ಗ್ರಾಫೈಟಿನದಾದರೆ ಈ ಎಚ್ಚರ ಇನ್ನೂ ಮುಖ್ಯ. ಹಳೆಯ ಅಂಟನ್ನೆಲ್ಲ ಕೆರೆದು ಒರೆಸಿ, ಎರಡೂ ಬದಿ ಅಂಟುವ ಟೇಪನ್ನು ಹಚ್ಚಬೇಕು. ಆಮೇಲೆ ತೂತನ್ನು ಬೆರಳಿನಿಂದ ಮುಚ್ಚಿ, ಬಣ್ಣದ ಅಂಗಡಿಯಲ್ಲಿ ಸಿಗುವ ಟರ್ಪೆಂಟೈನನ್ನು ಹೊಸ ಕೊಳವೆಯೊಳಗೆ ಸುರಿದು, ಕುಲುಕಿ, ಅದನ್ನೇ ಟೇಪಿನ ಮೇಲೆ ಹುಯ್ಯಬೇಕು. ಕಿಟಕಿ ತೆರೆದಿರಬೇಕು, ಹತ್ತಿರದಲ್ಲಿ ಬೆಂಕಿ ಇರಬಾರದು. ಟೇಪು ಒದ್ದೆಯಾಗಿರುವಾಗಲೇ ಕೊಳವೆಯನ್ನು ಒಂದೇ ಉಸಿರಿಗೆ ಕೊನೆಯವರೆಗೆ ನೂಕಿ, ಅದರ ಮೇಲಿನ ಗುರುತು ಕೋಲಿನ ಮುಖಕ್ಕೆ, ಅಂದರೆ ಚೆಂಡಿಗೆ ತಾಗುವ ಬದಿಗೆ, ನೇರವಾಗಿದೆಯೇ ಎಂದು ನೋಡಿ ತಿರುಗಿಸಿ ಸರಿಪಡಿಸಬೇಕು. ದ್ರವ ಆರಿದಂತೆ ಅಂಟು ಕಚ್ಚಿಕೊಳ್ಳುತ್ತದೆ. ನಾನು ಒಂದು ರಾತ್ರಿ ಹಾಗೆಯೇ ಬಿಡುತ್ತೇನೆ.

ಇದನ್ನು ಬರೆಯುವಾಗ ನನ್ನ ಅಜ್ಜಿಯ ಮನೆಯ ಜಗುಲಿಗೆ ಬರುತ್ತಿದ್ದ ಬಳೆಗಾರ ಕಣ್ಣೆದುರು ನಿಂತ. ಕೈಗೆ ಸೋಪಿನ ನೀರು ಸವರಿ, ಗೆಣ್ಣು ದಾಟುವವರೆಗೆ ಮೃದುವಾಗಿ ಒತ್ತಿ, ದಾಟಿದ ಕೂಡಲೇ ಬಿಡುತ್ತಿದ್ದ. ಜಾರಿಸುವುದಕ್ಕೆ ಒದ್ದೆ, ನಿಲ್ಲುವುದಕ್ಕೆ ಒಣ: ಇಲ್ಲಿಯೂ ಅದೇ ಯುಕ್ತಿ. ಬಳೆಯನ್ನು ಯಾರೂ ಅಳವಡಿಸುವುದಿಲ್ಲ, ತೊಡಿಸುತ್ತಾರೆ. ‘ಗ್ರಿಪ್ ಅಳವಡಿಕೆ’ ಎಂಬ ಕಚೇರಿಯ ಮಾತನ್ನು ಹೊಡೆದುಹಾಕಿ ‘ತೊಡಿಸುವುದು’ ಎಂದು ಬರೆದೆ. ವಾಕ್ಯಗಳು ಸರಾಗವಾಗಿ ಬಂದವು.

ಸದ್ಯಕ್ಕೆ ನನ್ನ ತೀರ್ಮಾನ ಇಷ್ಟು. ಸ್ಕೂಟರಿನ ಹ್ಯಾಂಡಲ್ಲಿನಿಂದಾಗಿ ‘ಗ್ರಿಪ್’ ನಮ್ಮ ಬೀದಿಯ ಪದವೇ ಆಗಿದೆ. ರಬ್ಬರಿನ ವಸ್ತುವಿಗೆ ಅದು ಇರಲಿ, ಅದೊಂದಕ್ಕೆ ಮಾತ್ರ. ಉಳಿದ ಕಡೆ ಹಿಡಿತ, ಕಾವು, ಕೋಲು, ತೊಡಿಸು. ಆಗ ನನ್ನ ವಾಕ್ಯ ಹೀಗಾಗುತ್ತದೆ: ‘ಕೋಲಿನ ಗ್ರಿಪ್ ಸವೆದರೆ ಕೈ ಜಾರುತ್ತದೆ, ಹಿಡಿತ ಕೆಡುತ್ತದೆ.’

ಬಲ್ಲವರಲ್ಲಿ ಎರಡು ಪ್ರಶ್ನೆಗಳು. ಕುಡುಗೋಲು, ಚಾಟಿ, ಹಾರೆ ಇವುಗಳ ಹಿಡಿ ಅಂಗೈಗೆ ಒತ್ತದಿರಲೆಂದು ಬಟ್ಟೆಯನ್ನೋ ತೊಗಲನ್ನೋ ಸುತ್ತುವುದುಂಟಲ್ಲ, ಹಾಗೆ ಸುತ್ತಿದ್ದಕ್ಕೆ ನಿಮ್ಮ ಊರಿನಲ್ಲಿ ಪ್ರತ್ಯೇಕ ಹೆಸರಿದೆಯೇ? ಲೋಹದ ದಂಡಕ್ಕೂ ಕಾವು ಎನ್ನುವುದನ್ನು ನೀವು ಕೇಳಿದ್ದೀರಾ? ಮುಂದಿನ ಭಾನುವಾರ ಬರಹವನ್ನು ಆ ಹುಡುಗನ ಕೈಗೆ ಕೊಡಬೇಕಾಗಿದೆ. ಅಷ್ಟರೊಳಗೆ ಉತ್ತರಿಸಿದರೆ ತಿದ್ದಿಕೊಳ್ಳುತ್ತೇನೆ.