‘ವ್ಯಂಗ್ಯಚಿತ್ರ’ ಎಂದರೆ ಸಾಕೆ? ಕ್ಯಾರಿಕೇಚರ್ ಪ್ರಿಂಟ್‌ಗೆ ಕನ್ನಡದ ಪದ

ಮಾನ್ಯರೇ,

ಮಂಗಳೂರಿನ ಕಾಲೇಜೊಂದರ ಚಿತ್ರಪ್ರದರ್ಶನಕ್ಕೆ ಕನ್ನಡದ ವಿವರಣೆಗಳನ್ನು ಬರೆಯುತ್ತಿದ್ದೇನೆ. ಮೊದಲ ಚಿತ್ರದಲ್ಲೇ ತಡವರಿಸಿ ನಿಂತಿದ್ದೇನೆ. ಇಂಗ್ಲಿಷ್ ಕಲಾವಿದ ಜೇಮ್ಸ್ ಗಿಲ್‌ರೇ 1805ರಲ್ಲಿ ಲಂಡನ್ನಿನಲ್ಲಿ ಹೊರತಂದ ಕ್ಯಾರಿಕೇಚರ್ ಪ್ರಿಂಟ್, ಎಂದರೆ ಮುಖ, ಮೈಕಟ್ಟುಗಳನ್ನು ಬೇಕೆಂದೇ ಹಿಗ್ಗಿಸಿ ನಗಿಸುವ ಮುದ್ರಿತ ಚಿತ್ರ. ಭೂಗೋಳವೇ ಪುಡಿಂಗ್ ಆಗಿ ತಟ್ಟೆಯಲ್ಲಿ ಹಬೆಯಾಡುತ್ತಿದೆ. ಕಡ್ಡಿಯಂತಹ ಬ್ರಿಟನ್ನಿನ ಪ್ರಧಾನಿ ಪಿಟ್ ಕಡಲಿನ ಭಾಗವನ್ನು ಕೊಯ್ದುಕೊಳ್ಳುತ್ತಿದ್ದರೆ, ಎದುರಿಗೆ ಕುಳ್ಳ ನೆಪೋಲಿಯನ್ ಕುರ್ಚಿಯಿಂದ ಎದ್ದು ಯುರೋಪನ್ನು ಕತ್ತರಿಸುತ್ತಿದ್ದಾನೆ. ನೆಪೋಲಿಯನ್ ಅಷ್ಟು ಕುಳ್ಳನೇನೂ ಆಗಿರಲಿಲ್ಲ. ಆ ಕುಳ್ಳತನ ಜನರ ಮನಸ್ಸಿನಲ್ಲಿ ಬೇರೂರಿದ್ದಕ್ಕೆ ಇಂತಹ ಚಿತ್ರಗಳೂ ಕಾರಣ.

‘ವ್ಯಂಗ್ಯಚಿತ್ರ’ ಎಂದು ಬರೆದು ಹೊಡೆದುಹಾಕಿದೆ. ಆ ಪದ ಪತ್ರಿಕೆಯ ಕಾರ್ಟೂನಿಗೆ ಸಂದುಹೋಗಿದೆ. ಕಾರ್ಟೂನ್ ಎಂಬುದಕ್ಕೂ ಈ ಅರ್ಥ ಬಂದದ್ದು 1843ರಲ್ಲಿ, ಲಂಡನ್ನಿನ ಹಾಸ್ಯಪತ್ರಿಕೆ ‘ಪಂಚ್’ನಿಂದ. ಗಿಲ್‌ರೇಯದು ತಾಮ್ರದ ತಗಡಿನಿಂದ ಅಚ್ಚು ತೆಗೆದು, ಕೈಯಿಂದ ಬಣ್ಣ ತುಂಬಿ, ಅಂಗಡಿಯ ಕಿಟಕಿಯಲ್ಲಿ ಮಾರಾಟಕ್ಕಿಡುತ್ತಿದ್ದ ಬಿಡಿಹಾಳೆ. ಅಲ್ಲದೆ ಅಲಂಕಾರಶಾಸ್ತ್ರದಲ್ಲಿ ವ್ಯಂಗ್ಯವೆಂದರೆ ಬಾಯಿಬಿಟ್ಟು ಹೇಳದೆ ಹೊಳೆಯಿಸುವ ಅರ್ಥ. ಕ್ಯಾರಿಕೇಚರ್‌ನ ಇಟಾಲಿಯನ್ ಮೂಲದಲ್ಲಿರುವುದು ಹೊರೆ ಹೇರುವ ಮಾತು: ಉದ್ದ ಮೂಗಿನವನಿಗೆ ಇನ್ನೂ ಒಂದು ಗೇಣು ಮೂಗು.

‘ವಿಡಂಬನಚಿತ್ರ’ ತಪ್ಪಲ್ಲ, ಆದರೆ ಪ್ರದರ್ಶನಕ್ಕೆ ಬರುವ ಮಕ್ಕಳಿಗೆ ದೂರದ ಪದ. ನನಗೆ ‘ಅಣಕ’ವೇ ಹಿಡಿಸುತ್ತದೆ. ಮೇಷ್ಟ್ರ ನಡಿಗೆಯನ್ನು ಹಿಗ್ಗಿಸಿ ನಡೆದು ತೋರಿಸುವ ಹುಡುಗ ಮಾಡುವುದೂ ಅದನ್ನೇ, ಯಕ್ಷಗಾನದ ಹಾಸ್ಯಗಾರ ರಂಗದ ಮೇಲೆ ಮಾಡುವುದೂ ಅದನ್ನೇ.

ಉಳಿದದ್ದು ‘ಪ್ರಿಂಟ್’. ಎರಡನೆಯ ಚಿತ್ರ ಫ್ರೆಂಚ್ ಕಲಾವಿದ ದೋಮಿಯೆಯದು. ಫ್ರಾನ್ಸಿನ ದೊರೆ ಲೂಯಿ ಫಿಲಿಪ್‌ನನ್ನು ಬಡವರ ಹಣ ನುಂಗುವ ದೈತ್ಯನಾಗಿ ಬರೆದದ್ದಕ್ಕೆ ಕಲಾವಿದ 1832ರಲ್ಲಿ ಸೆರೆಮನೆ ಸೇರಿದ. ಅದು ಕಲ್ಲಿನ ಮೇಲೆ ಬರೆದು ತೆಗೆದ ಚಿತ್ರವಾದ್ದರಿಂದ ‘ಕಲ್ಲಚ್ಚು’ ಎಂದು ನಿಶ್ಚಿಂತೆಯಿಂದ ಬರೆದೆ. ನಮ್ಮ ಊರಿಗೆ ಅದು ಹೊಸ ಪದವಲ್ಲ. ಬಾಸೆಲ್ ಮಿಶನ್ನಿನವರು ‘ಮಂಗಳೂರ ಸಮಾಚಾರ’ವನ್ನು ಅದೇ 1843ರಲ್ಲಿ ಹೊರತಂದದ್ದು ಕಲ್ಲಚ್ಚಿನಲ್ಲೇ. ಹಾಗಾದರೆ ಗಿಲ್‌ರೇಯದು ‘ತಾಮ್ರದಚ್ಚು’, ಎರಡಕ್ಕೂ ಸೇರಿ ‘ಅಣಕದಚ್ಚು’ ಎನ್ನಬಹುದೆ?

ಒಂದು ಅಳುಕಿದೆ. ‘ಅಚ್ಚು’ ಎಂದರೆ ಓದುಗರಿಗೆ ಮೊದಲು ಹೊಳೆಯುವುದು ಬೆಲ್ಲದ ಅಚ್ಚು, ಎರಕದ ಅಚ್ಚು. ಅದರಿಂದ ತೆಗೆದ ಹಾಳೆಯಲ್ಲ. ಹಳೆಯ ಮುದ್ರಣಾಲಯಗಳಲ್ಲಿ ದುಡಿದವರು, ಅಂಥವರ ಮನೆಯವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ಕಲ್ಲಿನಿಂದಲೋ ತಗಡಿನಿಂದಲೋ ತೆಗೆದ ಒಂದು ಬಿಡಿ ಚಿತ್ರದ ಹಾಳೆಯನ್ನು ಕೆಲಸದ ಮಾತಿನಲ್ಲಿ ಏನೆಂದು ಕರೆಯುತ್ತಿದ್ದರು?